ನಾನು ಕಾಪಾಡಿ ಅನ್ನಲ್ಲ

ಟಿವಿ ಎಂದರೆ ಬರೀ ನೋಡುವುದು, ಕೇಳುವುದಲ್ಲ ಎಂದು ನಾವು ತಿಳಿದಿದ್ದ ಕಾಲವದು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆಯನ್ನು ಹುಡುಕಬೇಕಿತ್ತು. ದೊಡ್ಡಪ್ಪನ ಮನೆಯ ಹಿಂಭಾಗದಲ್ಲಿ ನಾಲ್ಕು ಪವರ್‌ಲೂಮು, ಮುಂಭಾಗದಲ್ಲಿ ಟಿವಿ, ನಡುವೆ ಒಂದೇ ಒಂದು ಗೋಡೆ. ಸೌಂಡನ್ನು ಪೂರ್ತಿ ಏರಿಸಿದರೂ ಒಂದಕ್ಷರ ಕಿವಿಗೆ ಬೀಳುತ್ತಿರಲಿಲ್ಲ. ರೇಷ್ಮೆಯ ವಾಸನೆ, ಮೋಟಾರಿನ ಎಣ್ಣೆಯ ವಾಸನೆ, ಮಡಿಲಲ್ಲಿ ಕಡ್ಲೆಪುರಿ, ಕಣ್ಣು ಮಾತ್ರ ಟಿವಿ ಮೇಲೆ. ಬೇಸಿಗೆ ರಜೆಯ ನಮ್ಮ ಸಂಜೆಗಳು ಹೀಗೇ ಕಳೆಯುತ್ತಿದ್ದವು.

ನಾವು ನೋಡುತ್ತಿದ್ದದ್ದು ಜಪಾನಿನ ಕಾರ್ಟೂನು, ಹಿಂದಿಯಲ್ಲಿ. ಅದನ್ನು ಅನಿಮೆ ಅನ್ನುತ್ತಾರೆ ಎಂದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಮಾತು ಕೇಳಿಸದ ಮೇಲೆ ಮಾಡುವುದೇನು? ನಾವೇ ಹೇಳಿಕೊಳ್ಳುತ್ತಿದ್ದೆವು. ಅಲ್ಲಿ ಬಾಯಿ ಆಡಿದರೆ ಇಲ್ಲಿ ನಾವು ಕಿರುಚಬೇಕು. ದೊಡ್ಡಪ್ಪನ ಹಿರಿಮಗ ನವೀನ ನನಗಿಂತ ಎರಡು ವರ್ಷ ದೊಡ್ಡವನು, ಟಿವಿಯೂ ಅವರದೇ, ಹಾಗಾಗಿ ಹೀರೋನ ಮಾತೆಲ್ಲ ಅವನಿಗೆ. ಅವನ ತಮ್ಮ ಕಿಟ್ಟಿ ರಾಕ್ಷಸ. ಉಳಿದದ್ದು ಕಥೆಯ ಹುಡುಗಿ. ನಾನೂ ಹುಡುಗಿ ತಾನೇ, ಅವಳ ಮಾತು ನನಗೆ.

"ಅವಳು ಏನಂತ ಹೇಳ್ತಾಳೋ?" ಎಂದು ಮೊದಲ ದಿನ ಕೇಳಿದೆ.

"ಕಾಪಾಡಿ ಕಾಪಾಡಿ ಅಂತಾಳೆ. ಇನ್ನೇನಂತಾಳೆ?" ಎಂದ ನವೀನ.

ಒಂದು ವಾರ ಗಂಟಲು ಹರಿದುಕೊಂಡು ಕಾಪಾಡಿ ಎಂದೆ. ಆಮೇಲೆ ಮೈ ಉರಿಯತೊಡಗಿತು. ಆ ಹುಡುಗಿ ಕೈಲಾಗದವಳಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಮೊದಮೊದಲು ಅವಳೂ ಕತ್ತಿ ಹಿಡಿದು ಹತ್ತು ಜನರನ್ನು ಉರುಳಿಸಿದ್ದವಳೇ! ರಾಕ್ಷಸ ಬಂದ ಕೂಡಲೇ ಕತ್ತಿ ಎತ್ತ ಹೋಯಿತೋ, ಕಂಬಕ್ಕೆ ಕಟ್ಟಿಸಿಕೊಂಡು ಅಳುವುದೇ ಅವಳ ಕೆಲಸವಾಯಿತು. ಹೀರೋ ಗೆದ್ದ ಮೇಲೆ ಅವನ ಗಾಯಕ್ಕೆ ಬಟ್ಟೆ ಸುತ್ತುವುದು ಬೇರೆ.

ಒಂದು ಸಂಜೆ ಅವಳು ಕಂಬದ ಹತ್ತಿರ ಬಾಯಿ ತೆರೆದಳು. ನಾನು ಕೂಗಿದೆ: "ಲೋ ಗೂಬೆ, ನನ್ನ ಕತ್ತಿ ಎಲ್ಲಿಟ್ಟೆಯೋ? ಹಗ್ಗ ಬಿಚ್ಚು, ನಿನಗೈತೆ ಹಬ್ಬ!"

ಕಿಟ್ಟಿ ಬಿದ್ದು ಬಿದ್ದು ನಕ್ಕ. ನವೀನನ ಮುಖ ಕೆಂಪಾಯಿತು.

"ಏಯ್, ಹಂಗೆಲ್ಲ ಹೇಳೋ ಹಂಗಿಲ್ಲ."

"ಅವಳು ಹೇಳಿದ್ದು ನಿಂಗೆ ಕೇಳಿಸ್ತಾ?"

"ಇಲ್ಲ."

"ಮತ್ತೆ ಮುಚ್ಕೊಂಡು ನೋಡು."

ಅವನು ಬಿಡಲಿಲ್ಲ. ಮಗ್ಗ ನಿಂತ ದಿನ ನಿಜ ತಿಳಿಯುತ್ತದೆ, ಅವಳು ಕಾಪಾಡಿ ಅಂದರೆ ರಜೆ ಮುಗಿಯುವವರೆಗೂ ನಾನು ಅದನ್ನೇ ಹೇಳಬೇಕು, ಇಲ್ಲದಿದ್ದರೆ ಟಿವಿ ನೋಡಲು ಬರಬಾರದು ಎಂದು ಪಂದ್ಯ ಕಟ್ಟಿದ. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಆದರೂ ಸರಿ ಎಂದೆ. ನನ್ನ ಮಾತು ಅವಳದೇ ಮಾತು ಎಂದು ಅಷ್ಟರಲ್ಲಿ ನಾನು ನಂಬಿಬಿಟ್ಟಿದ್ದೆ.

ಒಂದು ದಿನ ನೂಲು ಬಾರದೆ ನಾಲ್ಕು ಮಗ್ಗವೂ ನಿಂತವು. ಮನೆ ಗವ್ವೆಂದಿತು. ಟಿವಿ ಹಾಕಿದೆವು. ಅದೇ ಹುಡುಗಿಯನ್ನು ಮತ್ತೆ ಕಟ್ಟಿಹಾಕಿದ್ದರು. ಅವಳು ಬಾಯಿ ತೆರೆದಳು.

"ಬಚಾವೋ! ಬಚಾವೋ!"

ನಮಗೆ ಬರುತ್ತಿದ್ದ ನಾಲ್ಕಾರು ಹಿಂದಿ ಪದಗಳಲ್ಲಿ ಅದೂ ಒಂದಾಗಿತ್ತಲ್ಲ, ನನ್ನ ಕರ್ಮ! ನವೀನ ಎದ್ದು ಕುಣಿದ. ನನಗೆ ಅಳು ನುಗ್ಗಿ ಬಂತು. ಮೊದಲು ಆ ಹುಡುಗಿಯ ಮೇಲೇ ಸಿಟ್ಟು ಬಂತು, ನನ್ನ ಮಾನ ಕಳೆದಳಲ್ಲ ಎಂದು. ಆಮೇಲೆ ಅವಳ ಮುಖ ನೋಡಿದೆ. ಪಾಪ, ಅವಳು ತಾನೇ ಏನು ಮಾಡಿಯಾಳು?

"ಸೋತೆ ತಾನೇ? ಹೇಳು ಈಗ, ಕಾಪಾಡಿ ಅಂತ."

"ಅದು ಅವಳ ಮಾತಲ್ಲ. ಅವಳ ಕೈಲಿ ಯಾರೋ ಹೇಳ್ಸಿದ್ದಾರೆ."

"ಯಾರು?"

"ನಿನ್ನಂಥೋನು ಯಾವನೋ!"

"ಹೇಳ್ತೀಯೋ ಇಲ್ವೋ?"

"ಹೇಳಲ್ಲ."

"ಹಂಗಾದ್ರೆ ಎದ್ದು ಹೋಗು ನಮ್ಮನೆಯಿಂದ."

ಎದ್ದು ಬಂದೆ. ಮನೆಯಲ್ಲಿ ಅಮ್ಮನ ಪಕ್ಕ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನಮ್ಮಲ್ಲಿ ಉಳಿದಿದ್ದ ನೂಲು ಸುತ್ತಿದೆ. ಸಂಜೆಯಾದರೆ ಸಾಕು, ಕಾಲು ತಾನಾಗಿ ಆ ಕಡೆಗೆ ಎಳೆಯುತ್ತಿತ್ತು. ಅವಳ ಕಥೆ ಏನಾಯಿತೋ ಎಂದು ನೂಲು ಸುತ್ತುತ್ತಲೇ ಯೋಚಿಸುತ್ತಿದ್ದೆ. "ಹೋಗಿ ಒಂದ್ಸಲ ಅಂದ್ಬಿಡೇ, ಗಂಟೇನು ಹೋಗುತ್ತೆ?" ಎಂದಳು ಅಮ್ಮ. ನಾನು ಅಲ್ಲಾಡಲಿಲ್ಲ.

ವಾರ ಕಳೆದ ಮೇಲೆ ಕಿಟ್ಟಿ ಬಂದ. "ಬಾರಕ್ಕ, ನೀನಿಲ್ದೆ ಮಜಾನೇ ಇಲ್ಲ. ಅಣ್ಣ ಕೀರಲು ದನೀಲಿ ಕಾಪಾಡಿ ಅಂತಾನೆ, ನಗಾಡಕ್ಕೂ ಆಗಲ್ಲ." ಅವನ ಹಿಂದೆ ನಮ್ಮ ಬಾಗಿಲಲ್ಲಿ ನವೀನ ನಿಂತಿದ್ದ. ಗೋಡೆ ನೋಡಿಕೊಂಡು, "ಏನ್ ಬೇಕಾದ್ರೂ ಹೇಳ್ಕೋ, ಹೋಗು," ಎಂದ.

ಅಷ್ಟರಲ್ಲಿ ನೂಲು ಬಂದು ಮಗ್ಗಗಳು ಮತ್ತೆ ಶುರುವಾಗಿದ್ದವು. ಉಳಿದ ರಜೆಯಿಡೀ ಆ ಹುಡುಗಿ ಬೈಯದ ರಾಕ್ಷಸನಿಲ್ಲ. ಅವಳ ಕೈ ಕಟ್ಟಿರುತ್ತಿತ್ತು, ಬಾಯಿ ಮಾತ್ರ ನನ್ನದು. ಮಗ್ಗದ ಮೇಲೆ ನನ್ನ ದನಿ ಏರಬೇಕಿತ್ತಲ್ಲ, ಏರಿಸಿದೆ. ಹೆಣ್ಣು ಹುಡುಗಿ ಹೀಗೆ ಕೂಗಬಾರದು ಎನ್ನಲು ಯಾರಿಗಾದರೂ ಅದು ಕೇಳಿಸಬೇಕಲ್ಲ!

ಈಗ ದೊಡ್ಡಪ್ಪನ ಮನೆಯಲ್ಲಿ ಮಗ್ಗಗಳಿಲ್ಲ. ಗುಜರಿಗೆ ಹಾಕಿದರು. ಆ ಜಾಗದಲ್ಲಿ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಹೋಗುವವರು ಬಾಡಿಗೆಗಿದ್ದಾರೆ. ಮೊನ್ನೆ ಹೋದಾಗ ಕಿಟ್ಟಿಯ ಮಗಳು ಸಿರಿ ಅನಿಮೆ ನೋಡುತ್ತಿದ್ದಳು. ಈಗಿನದರಲ್ಲಿ ಹುಡುಗಿಯರು ಹೊಡೆದಾಡುತ್ತಾರೆ, ಸುಳ್ಳು ಹೇಳಬಾರದು. ಆದರೂ ಕಥೆ ಬಿಗಿಯಾಗಬೇಕಾದರೆ ಕಟ್ಟಿಹಾಕುವುದು ಅವರನ್ನೇ. ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಾನು ರಿಮೋಟ್ ತೆಗೆದುಕೊಂಡು ಸೌಂಡು ನಿಲ್ಲಿಸಿದೆ.

"ಅತ್ತೆ! ಯಾಕೆ?"

"ಅವಳ ಮಾತು ನೀನು ಹೇಳು."

ಮಗು ಮೊದಲು ನಾಚಿತು. ಆಮೇಲೆ ಕಣ್ಣರಳಿಸಿ, "ಬಿಡೋ ನನ್ನ! ಹಲ್ಲು ಉದುರಿಸ್ತೀನಿ!" ಎಂದು ಕೂಗಿತು.

ಒಳಗಿನಿಂದ ಅವಳಮ್ಮ, "ಮೆಲ್ಲಗೆ ಕಣೇ! ಬಾಡಿಗೆಯವರು ಏನಂದ್ಕೋತಾರೆ? ಹೆಣ್ಣು ಹುಡುಗಿ, ಏನ್ ಗಂಟಲು!" ಎಂದಳು.

ಸಿರಿಯ ದನಿ ಪಟ್ಟನೆ ಇಳಿಯಿತು. ಮಗ್ಗ ಹೋಯಿತು, ರೇಷ್ಮೆಯ ವಾಸನೆ ಹೋಯಿತು ಎಂದು ನಮ್ಮ ಬೀದಿಯವರೆಲ್ಲ ಕೊರಗುತ್ತಾರೆ. ನನ್ನ ಕೊರಗು ಬೇರೆ. ಹುಡುಗಿಯೊಬ್ಬಳು ಮನಸಾರೆ ಕಿರುಚಿದರೂ ಯಾರಿಗೂ ಕೇಳಿಸದ ಮನೆ ಈಗ ಈ ಬೀದಿಯಲ್ಲಿ ಒಂದೂ ಉಳಿದಿಲ್ಲ.

"ಕೂಗು ಪುಟ್ಟಿ," ಎಂದೆ, ಒಳಗಿನವರಿಗೂ ಕೇಳಿಸುವ ಹಾಗೆ. "ಬಾಡಿಗೆಯವರಿಗೆ ನಾನು ಹೇಳ್ಕೋತೀನಿ."