ಪಂಚಮಿಯ ಚಾಕ್ಲೇಟ್ ಪೈ

ನನ್ನ ಕೈರುಚಿಯನ್ನು ಹೊಗಳುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಸಿಂದಗಿಯ ಈ ಮನೆಗೆ ಬಂದ ನೆಂಟರು ಉಂಡು ಕೈ ತೊಳೆಯುತ್ತ, "ಏನ್ ಕೈ ಐತ್ರಿ ನಿಮ್ದು!" ಎಂದಾಗ ಮೇಲೆ ನಗುತ್ತೇನೆ, ಒಳಗೆ ಹಲ್ಲು ಕಡಿಯುತ್ತೇನೆ. ಪಾಪ, ಅವರ ತಪ್ಪೇನೂ ಇಲ್ಲ. ಆದರೆ ಬರೀ ಹೊಗಳಿಯೇ ಒಬ್ಬಳನ್ನು ಮನೆಯೊಳಗೆ ಕಟ್ಟಿಹಾಕಬಹುದು ಎಂಬುದು ನನಗೆ ಹತ್ತೊಂಬತ್ತನೆಯ ವಯಸ್ಸಿಗೇ ಗೊತ್ತಾಗಿಹೋಯಿತು. ಅದನ್ನು ತಿಳಿಸಿಕೊಟ್ಟದ್ದು ನಾನೇ ಮಾಡಿದ ಒಂದು ಚಾಕ್ಲೇಟ್ ಪೈ.

ತೊಂಬತ್ತರ ದಶಕದ ಮಾತು. ನಾವು ಬಸವನ ಬಾಗೇವಾಡಿಯಲ್ಲಿದ್ದೆವು. ಅಪ್ಪನದು ಕಾಳುಕಡಿ ವ್ಯಾಪಾರ. ಮಗ್ಗುಲ ಮನೆಯಲ್ಲಿ ಮಂಗಳೂರು ಕಡೆಯ ಬ್ಯಾಂಕ್ ಮ್ಯಾನೇಜರರೊಬ್ಬರು ಬಾಡಿಗೆಗಿದ್ದರು. ಅವರ ಹೆಂಡತಿಯನ್ನು ನಾನು ಆಂಟಿ ಎನ್ನುತ್ತಿದ್ದೆ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತವಳಿಗೆ ಆಂಟಿಯ ಅಡುಗೆಮನೆಯೇ ಕಾಲೇಜಾಗಿತ್ತು. ಅಲ್ಲಿ ಮುಚ್ಚಳಕ್ಕೆ ಗಾಜಿನ ಕಿಂಡಿ ಇದ್ದ ದುಂಡನೆಯ ಅಲ್ಯೂಮಿನಿಯಂ ಓವನ್ ಇತ್ತು. ಕರೆಂಟು ಇದ್ದರೆ ಓವನ್, ಇಲ್ಲದಿದ್ದರೆ ಉಸುಕು ತುಂಬಿದ ದೊಡ್ಡ ಬೋಗುಣಿ, ಕೆಳಗೆ ಇದ್ದಿಲ ಒಲೆ, ಮುಚ್ಚಳದ ಮೇಲೆ ಕೆಂಡ. ನಮ್ಮೂರ ಕರೆಂಟಿನ ಕೃಪೆಯಿಂದ ನಾನು ಕಲಿತದ್ದೆಲ್ಲ ಉಸುಕಿನ ಬೋಗುಣಿಯಲ್ಲೇ.

ಕ್ರಿಸ್‌ಮಸ್ಸಿಗೆ ಆಂಟಿ ಚಾಕ್ಲೇಟ್ ಪೈ ಮಾಡುತ್ತಿದ್ದರು. ಬೆಣ್ಣೆ ಹಾಕಿದ ಮೈದಾ ಹಿಟ್ಟಿನ ಗರಿಗರಿ ತಳ, ಅದರ ತುಂಬ ಗೋಡಂಬಿ, ಅಕ್ರೋಟು ಬೆರೆಸಿದ ದಟ್ಟ ಚಾಕ್ಲೇಟು. ಮೊದಲ ಸಲ ತಿಂದಾಗ ನಾಚಿಕೆ ಬಿಟ್ಟು ಇನ್ನೊಂದು ತುಂಡು ಕೇಳಿ ತಿಂದೆ. ಅದಕ್ಕೆ ತತ್ತಿ ಒಡೆದು ಹಾಕುತ್ತಾರೆ ಎಂದು ಆಮೇಲೆ ಗೊತ್ತಾಯಿತು. ತತ್ತಿ ಎಂಬ ಶಬ್ದವನ್ನೂ ಅಡುಗೆಮನೆಯಲ್ಲಿ ಎತ್ತದ ಮನೆ ನಮ್ಮದು. ತಿಂದದ್ದನ್ನು ಯಾರಿಗೂ ಹೇಳಲಿಲ್ಲ. ಆದರೆ ತತ್ತಿ ಇಲ್ಲದೆ ಅದನ್ನು ಮಾಡುವುದು ಹೇಗೆ ಎಂಬ ಹುಳ ತಲೆಗೆ ಹೊಕ್ಕಿತು. ಹಾಲು ಬತ್ತಿಸಿ ಮಾಡಿದ ಖವಾಕ್ಕೆ ಕೋಕೋ ಪುಡಿ, ಸಕ್ಕರೆ, ಚೂರು ಬೆಲ್ಲ ಕೂಡಿಸಿ ಕಾಯಿಸಿದರೆ ಅಷ್ಟೇ ದಟ್ಟವಾಗಿ ನಿಲ್ಲುತ್ತದೆ ಎಂದು ಕಂಡುಕೊಂಡೆ. ಬಾಗೇವಾಡಿಯಲ್ಲಿ ಅಕ್ರೋಟು ಎಲ್ಲಿಂದ ತರಲಿ? ಹುರಿದು ಒಡೆದ ಶೇಂಗಾ ಹಾಕಿದೆ, ಮೇಲೆ ನಾಲ್ಕು ಗೋಡಂಬಿ. ಆಂಟಿ ಒಂದು ಚೂರು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಆಮೇಲೆ ಅಂದರು:

"ಇದು ನಾನು ಕಲಿಸಿದ್ದಲ್ಲ. ನೀನು ಸರಿಯಾಗಿ ಕಲೀಬೇಕು ಮಾರಾಯ್ತಿ."

ಧಾರವಾಡದಲ್ಲಿ ಆರು ತಿಂಗಳ ಬೇಕರಿ ತರಬೇತಿ ಇದೆ, ಹುಡುಗಿಯರಿಗೆ ಹಾಸ್ಟೆಲ್ಲೂ ಇದೆ, ಶ್ರಾವಣ ಮುಗಿದ ಮೇಲೆ ಶುರುವಾಗುತ್ತದೆ ಎಂದು ಹೇಳಿದವರೂ ಅವರೇ. ಅವತ್ತಿನಿಂದ ನನಗೆ ಊಟ ನಿದ್ದೆ ಎಲ್ಲ ಧಾರವಾಡವೇ. ಬಿಳಿ ಅಂಗಿ ತೊಟ್ಟು ದೊಡ್ಡ ಭಟ್ಟಿಯ ಮುಂದೆ ನಿಂತಂತೆ, ತಿರುಗಿ ಬಂದು ಬಸ್ ನಿಲ್ದಾಣದ ಹತ್ತಿರ ನನ್ನದೇ ಬೇಕರಿ ಹಾಕಿದಂತೆ ಹಗಲುಗನಸು. ಧೈರ್ಯ ಮಾಡಿ ಅಪ್ಪನನ್ನು ಕೇಳಿದೆ.

"ಅಡಿಗಿ ಕಲಿಯಾಕ ಧಾರವಾಡಕ್ಕ ಹೋಗ್ತೀಯೇನು? ಮನ್ಯಾಗ ಒಲಿ ಇಲ್ಲೇನು?" ಅಪ್ಪ ನಕ್ಕ.

"ಅಡಿಗಿ ಅಲ್ಲಪಾ, ಬೇಕರಿ ಕೆಲಸ. ಕಲ್ತು ಬಂದ್ರ ಇಲ್ಲೇ ಅಂಗಡಿ ಹಾಕ್ತೇನಿ."

ಅಪ್ಪ ಬೈಯಲಿಲ್ಲ. ಅವನು ಬೈಯುವ ಪೈಕಿ ಅಲ್ಲ, ಅದೇ ಅವನ ದೊಡ್ಡ ಹೆಸರು. ಸ್ವಲ್ಪ ಹೊತ್ತು ಮೀಸೆ ತೀಡಿ, "ಮೊದಲ ಏನರ ಮಾಡಿ ತೋರಸು. ಪಂಚಮಿಗಿ ನಿಮ್ಮತ್ತಿ ಬರ್ತಾಳ, ಆಕೀನೂ ತಿಂದು ನೋಡ್ಲಿ. ಆಮ್ಯಾಲೆ ಮಾತಾಡೂಣು" ಎಂದ.

ಅತ್ತಿ ಎಂದರೆ ಅಪ್ಪನ ಅಕ್ಕ, ಸಿಂದಗಿಗೆ ಕೊಟ್ಟವಳು. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮಲ್ಲಿ ರೂಢಿ. ನಮ್ಮ ಅತ್ತಿ ಬಂದರೆ ಮನೆಯ ಯಜಮಾನಿಕೆ ಅಷ್ಟು ದಿನ ಆಕೆಯದೇ. ಆಕೆ ಹೂಂ ಎಂದರೆ ಅಪ್ಪ ಉಹೂಂ ಎನ್ನುವವನಲ್ಲ. ಅಂದರೆ ನನ್ನ ಧಾರವಾಡ ಈಗ ಅತ್ತಿಯ ನಾಲಿಗೆಯ ಮೇಲೆ ಕೂತಿತ್ತು.

ಅವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಮರುದಿನ ತುಪ್ಪ ಕಾಯಿಸಲು ಕೂಡಿಟ್ಟ ಬೆಣ್ಣೆಯ ಗಡಿಗೆಯನ್ನು ತಂದು ನನ್ನ ಮುಂದಿಟ್ಟಳು. "ಎಷ್ಟ್ ಬೇಕೋ ತಗೋ" ಎಂದಳು. ಬೆಣ್ಣೆಯ ವಿಷಯದಲ್ಲಿ ಅವ್ವ ಜಿಪುಣಾಗ್ರೇಸರಳು. ದೇವರ ದೀಪಕ್ಕೂ ತುಪ್ಪ ಅಳೆದು ಹಾಕುವವಳು. ನನಗೆ ಆಶ್ಚರ್ಯವಾಯಿತು. ಮ್ಯಾನೇಜರರು ವಿಜಾಪುರಕ್ಕೆ ಹೋದಾಗ ಕೋಕೋ ಡಬ್ಬಿ ತಂದುಕೊಟ್ಟರು.

ಹಬ್ಬಕ್ಕೆ ಒಂದು ವಾರ ಮೊದಲು ಮಾಡಿ ನೋಡಿದ್ದು ಪೂರ್ತಿ ಹಾಳಾಯಿತು. ಪೈಯ ಹಿಟ್ಟನ್ನು ನಾದಬಾರದು. ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜಿ, ಉದುರುದುರಾಗಿರುವಾಗಲೇ ಚೂರು ನೀರು ಚಿಮುಕಿಸಿ ಒತ್ತಿ ಬಿಡಬೇಕು. ನಾನು ಹಾಗೆ ಕೂಡಿಸಿಟ್ಟು ಒಲೆ ಹೊತ್ತಿಸಲು ಹಿತ್ತಲಿಗೆ ಹೋದೆ. ನಮ್ಮ ಮನೆಯಲ್ಲಿ ಹೋಳಿಗೆಯ ಕಣಕ ನಾದಿದಷ್ಟೂ ಒಳ್ಳೆಯದು, ಒಳಕಲ್ಲಿನ ಮೇಲಿಟ್ಟು ಕುಟ್ಟಿದರೆ ಇನ್ನೂ ಒಳ್ಳೆಯದು. ಒಡೆದೊಡೆದು ಬಿದ್ದಿದ್ದ ನನ್ನ ಹಿಟ್ಟನ್ನು ನೋಡಿ ಅವ್ವನಿಗೆ ಕನಿಕರ ಬಂದಿದೆ. ನಾನು ಕೆಂಡ ಮಾಡಿಕೊಂಡು ಬರುವಷ್ಟರಲ್ಲಿ ಸೆರಗು ಬಿಗಿದು ಕೂತು, ಬೆವರಿಳಿಯುವಂತೆ ನಾದಿ, ಮೇಣದಂತೆ ಮಾಡಿಟ್ಟಿದ್ದಳು.

"ಈಗ ನೋಡು ಹೆಂಗ ಆಗೇತಿ, ಹುಚ್ಚಿ. ಹಂಗ ಒಡಕ್ ಬಿಟ್ಟಿದ್ಯಲ್ಲ" ಎಂದು ಮುಖ ಅರಳಿಸಿದಳು.

ಬೆಂದ ತಳ ಚಪ್ಪಲಿಯ ಅಟ್ಟೆಯಂತೆ ಬಂತು. ನಾನು ಹಾರಾಡಿದೆ, ಚೀರಾಡಿದೆ. ಅವ್ವ ಆ ಅಟ್ಟೆಯನ್ನು ಎಮ್ಮೆಗೆ ಹಾಕಿ ಬಂದು, "ನಂಗ ಹೇಳಕೊಡು, ಇನ್ನ ಹಿಟ್ಟ ನಾ ಮುಟ್ಟೂದಿಲ್ಲ. ಆದ್ರ ಚಂದ ಆಗಬೇಕ ನೋಡು" ಎಂದಳು. ಅಷ್ಟು ಆಸೆಯಿಂದ ಅವ್ವ ಏನನ್ನಾದರೂ ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಹುರಿಯುವಂತಿಲ್ಲ, ಕರಿಯುವಂತಿಲ್ಲ. ಅದಕ್ಕೇ ಹಿಂದಿನ ದಿನವೇ ಶೇಂಗಾ ಹುರಿದು, ಖವಾ ಕಾಯಿಸಿ, ಪೈ ಬೇಯಿಸಿದೆ. ಉಸುಕಿನ ಕಾವು ಒಂದೇ ಸಮ ಇರಬೇಕೆಂದು ಒಲೆಯ ಮುಂದಿಂದ ಏಳಲೇ ಇಲ್ಲ. ಅವ್ವ ಮುಚ್ಚಳದ ಮೇಲಿನ ಕೆಂಡ ಬದಲಿಸುತ್ತಿದ್ದಳು. ಮುಚ್ಚಳ ತೆಗೆದಾಗ ಬಂದ ವಾಸನೆಗೆ ಆಂಟಿ ಗೋಡೆಯ ಆಚೆಯಿಂದಲೇ "ಆಯ್ತಾ?" ಎಂದು ಕೂಗಿದರು. ಅಂಚು ಹೊಂಬಣ್ಣಕ್ಕೆ ತಿರುಗಿತ್ತು. ನಡುವೆ ಚಾಕ್ಲೇಟು ಕನ್ನಡಿಯಂತೆ ಹೊಳೆಯುತ್ತಿತ್ತು. ಎಲ್ಲೂ ಬಿರುಕಿಲ್ಲ, ಎಲ್ಲೂ ಸೀದಿಲ್ಲ. ನನಗೆ ಹೆಮ್ಮೆಯಿಂದ ಅಳು ಬಂತು.

ಹಬ್ಬದ ದಿನ ನಾಗಪ್ಪನ ಕಲ್ಲಿಗೆ ಹಾಲೆರೆದು ಬಂದೆವು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅತ್ತಿಯ ಪಾಲು ಎಂದು ಎಲ್ಲರ ಹೆಸರಿನಲ್ಲಿ ಹಾಲು ಹಾಕುವಾಗ ನನ್ನ ಮನಸ್ಸೆಲ್ಲ ಪೈಯ ಮೇಲೆ. ಕಡಬು, ಉಂಡಿ ಎಲ್ಲ ಉಂಡಾದ ಮೇಲೆ ಪಡಸಾಲೆಯಲ್ಲಿ ಅಪ್ಪ, ಅತ್ತಿ ಎಲೆಯಡಿಕೆ ಹಾಕುವ ಮೊದಲು ಪೈಯನ್ನು ತಂದಿಟ್ಟೆ.

"ಇದೇನ ತಂಗಿ, ಕರೇ ಹೋಳಿಗಿ?" ಎಂದಳು ಅತ್ತಿ.

ಎಲ್ಲರೂ ನಕ್ಕರು. ನಾನೂ ನಗುತ್ತ ಚೂರಿ ಎತ್ತಿದೆ. ಮುಕ್ಕೋನದ ತುಂಡು ಕತ್ತರಿಸಿ ತಟ್ಟೆಗೆ ಹಾಕಿದಾಗ ಕೆಳಗಿನ ಗರಿ ತಳ, ಮೇಲಿನ ದಟ್ಟ ಪದರ, ನಡುವೆ ಶೇಂಗಾದ ಚೂರು ಎಲ್ಲ ಒಂದೊಂದಾಗಿ ಕಾಣಬೇಕು. ಅದೇ ಈ ಕೆಲಸದ ಮರ್ಮ. ಅದನ್ನು ಅಪ್ಪ ನೋಡಬೇಕಿತ್ತು. ಇದು ಒಲೆಯ ಮುಂದೆ ಕೂತ ಮಾತ್ರಕ್ಕೆ ಬರುವ ವಿದ್ಯೆಯಲ್ಲ, ಕಲಿಯಲು ಇನ್ನೂ ಬೇಕಾದಷ್ಟಿದೆ ಎಂದು ಅವನಿಗೆ ತಿಳಿಯಬೇಕಿತ್ತು.

"ಒಗಿ ಆ ಚೂರಿ!" ಅತ್ತಿ ಹೌಹಾರಿದಳು. "ನಾಗಪ್ಪನ ಹಬ್ಬದಾಗ ಹೆಚ್ಚತಾರೇನ? ಎಷ್ಟ್ ಓದಿದ್ರೇನು ಬಂತು!"

ಪಂಚಮಿಯ ದಿನ ನಮ್ಮಲ್ಲಿ ಏನನ್ನೂ ಹೆಚ್ಚುವುದಿಲ್ಲ. ಕಾಯಿಪಲ್ಯೆಯನ್ನು ಹಿಂದಿನ ದಿನವೇ ಹೆಚ್ಚಿಡುತ್ತಾರೆ. ಹುರಿಯುವುದು, ಬೇಯಿಸುವುದು ಎಲ್ಲವನ್ನೂ ನೆನಪಿಟ್ಟು ಮುಗಿಸಿದ ನನಗೆ ಪೈಯನ್ನೂ ಹೆಚ್ಚಬೇಕಾಗುತ್ತದೆ ಎಂಬುದು ಹೊಳೆದೇ ಇರಲಿಲ್ಲ. ನಾನು ಚೂರಿ ಕೆಳಗಿಟ್ಟೆ. ಅತ್ತಿ ಬಳೆ ಮೇಲೇರಿಸಿ, ಐದೂ ಬೆರಳು ಊರಿ ಒಂದು ಮುರುಕು ಕಿತ್ತುಕೊಂಡಳು. ಅಪ್ಪ ಇನ್ನೊಂದು ಬದಿಯಿಂದ ಮುರಿದ. ಓಣಿಯ ಹೆಣ್ಣುಮಕ್ಕಳೂ ಬಂದರು. ಹೋಳಿಗೆ ಹರಿದಂತೆ ಹರಿದರು, ಬೆರಳು ನೆಕ್ಕಿದರು, ತಟ್ಟೆ ಬಳಿದರು. ಪದರವೂ ಇಲ್ಲ, ಮರ್ಮವೂ ಇಲ್ಲ. ಯಾರಿಗೂ ಏನೂ ಕಾಣಲಿಲ್ಲ, ಎಲ್ಲರಿಗೂ ರುಚಿ ಮಾತ್ರ ಹತ್ತಿತು.

"ಯವ್ವಾ, ಬಾಯಾಗಿಟ್ರ ಕರಗತೈತಿ!" ಎಂದಳು ಅತ್ತಿ. "ತಮ್ಮಾ, ನಿನ್ನ ಮಗಳ ಕೈ ಭಾಳ ಚಲೋ ಐತೋ."

ಮೆಚ್ಚಿದಳಲ್ಲ! ಅಪ್ಪನ ಮುಖ ನೋಡಿದೆ. ಅಪ್ಪ ಮೀಸೆಗೆ ಹತ್ತಿದ ಚಾಕ್ಲೇಟು ಒರೆಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ಹೆಮ್ಮೆಯಿಂದ ನನ್ನ ತಲೆಯ ಮೇಲೆ ಕೈಯಿಟ್ಟ.

"ಇಷ್ಟ ಚಂದ ಮಾಡಾಕ ಬರ್ತೈತಿ ಅಂದ್ಮ್ಯಾಲೆ ಧಾರವಾಡಕ್ಕ ಹೋಗಿ ಮತ್ತೇನ ಕಲೀತೀ? ಎಲ್ಲಾ ಕಲ್ತಽ ಬಿಟ್ಟೀಯಲ್ಲವ್ವ!"

"ಖರೇನಪಾ" ಎಂದಳು ಅತ್ತಿ. "ಇನ್ನ ಆಕೀಗೆ ಕಲಿಸವರಾದ್ರೂ ಯಾರದಾರ?"

ಅಷ್ಟೇ. ಬೈಗುಳವಿಲ್ಲ, ಅಡ್ಡಗಾಲಿಲ್ಲ. ಹೊಗಳಿ ಹೊಗಳಿ ನನ್ನ ಧಾರವಾಡವನ್ನು ಮುಗಿಸಿಬಿಟ್ಟರು. ಬೈದಿದ್ದರೆ ಜಗಳವಾಡುತ್ತಿದ್ದೆ, ಉಪವಾಸ ಕೂರುತ್ತಿದ್ದೆ. ತಲೆ ಸವರಿದವರ ಜೊತೆ ಹೇಗೆ ಜಗಳವಾಡುವುದು? "ಇಲ್ಲಪಾ, ಇನ್ನೂ ಭಾಳ ಕಲಿಯೂದೈತಿ" ಎಂದೆ. "ಸಣ್ಣಾಕಿಯಾಗಿ ಎಷ್ಟ್ ನಯಾ ನೋಡು" ಎಂದು ಅತ್ತಿ ಅದನ್ನೂ ಹೊಗಳಿದಳು. ಮುಂದಿನ ವರ್ಷ ತನ್ನ ಮಗನಿಗೆ ನನ್ನನ್ನು ಕೇಳಿ ಸಿಂದಗಿಗೆ ಕರೆದುಕೊಂಡು ಬಂದವಳೂ ಆಕೆಯೇ. ಆ ಕೈ ಬೇರೆ ಮನೆಗೆ ಹೋಗಬಾರದಂತೆ.

ಖಾಲಿ ತಟ್ಟೆ ಹಿಡಿದು ಹಿತ್ತಲಿಗೆ ಬಂದೆ. ಗೋಡೆಯ ಆಚೆ ಆಂಟಿ ಕಾಯುತ್ತಿದ್ದರು. "ಏನಂದ್ರು?" ಎಂದು ಕೇಳಿದರು. "ಎಲ್ಲರೂ ಚೆನ್ನಾಗಿದೆ ಅಂದರು" ಎಂದೆ. ಅವರು ಚಪ್ಪಾಳೆ ತಟ್ಟಿ ಒಳಗೆ ಹೋದರು. ಅವ್ವ ಬಂದು ನನ್ನ ಕೈಯಿಂದ ತಟ್ಟೆ ಕಸಿದು ಬೂದಿ ಹಾಕಿ ತಿಕ್ಕತೊಡಗಿದಳು. ಓಣಿಯಲ್ಲಿ ಜೋಕಾಲಿ ಆಡುವ ಹುಡುಗಿಯರ ಗದ್ದಲ ಕೇಳುತ್ತಿತ್ತು.

"ಸ್ವಲ್ಪ ಸುಟ್ಟಿದ್ರ ಚಲೋ ಇತ್ತು" ಎಂದಳು ಅವ್ವ, ತಲೆ ಎತ್ತದೆ.

ನಾನು ಸಿಟ್ಟಿನಿಂದ ಆಕೆಯ ಕಡೆ ತಿರುಗಿದೆ.

"ನಾ ಸಾಲ್ಯಾಗ ನಾಕನೇ ಇಯತ್ತೆ ಇದ್ದಾಗ ನಮ್ಮವ್ವಗ ಜ್ವರ ಬಂದಿದ್ದುವು. ಅವತ್ತ ನಾನಽ ರೊಟ್ಟಿ ಬಡದೆ. ದುಂಡಗ ಬಂದುವು, ಪುರಿಯಂಗ ಉಬ್ಬಿದುವು. ನಮ್ಮಪ್ಪ ತಿಂದು ಊರಿಗೆಲ್ಲ ಹೇಳಕೋತ ಬಂದ. ಮರುದಿನದಿಂದ ನನ್ನ ಸಾಲಿ ಬಿಡಿಸಿದ್ರು."

"ಇಷ್ಟೆಲ್ಲ ಗೊತ್ತಿತ್ತು ಅಂದ್ರ ನನಗ್ಯಾಕ ಮೊದಲಽ ಹೇಳಲಿಲ್ಲಬೇ?" ಎಂದು ಚೀರಿದೆ.

ಅವ್ವ ತಟ್ಟೆಗೆ ನೀರು ಹಾಕಿ ಬೂದಿ ತೊಳೆದಳು.

"ನಿಮ್ಮಪ್ಪ ಹಂಗಲ್ಲ ಅನಕೊಂಡಿದ್ದೆ" ಎಂದಳು.