ಆಸ್ಲಾಕನ ಮೀಟರಿಗೆ ಕಾಣದ ಬೆಳಕು

ನಾರ್ವೆಯ ಉತ್ತರದ ಊರು ಟ್ರೊಮ್ಸೊದಲ್ಲಿ ಚಳಿಗಾಲದ ಎರಡು ತಿಂಗಳು ಸೂರ್ಯ ತಲೆ ಎತ್ತುವುದಿಲ್ಲ. ಹಾಗಾಗಿ ನಮ್ಮ ಕಟ್ಟಡದಲ್ಲಿ ಜಗಳವೆಲ್ಲ ಮೆಟ್ಟಿಲ ತಿರುವಿನ ದೀಪದ ಕೆಳಗಿನ ಜಾಗಕ್ಕೆ. ಕರೆಂಟು ಎಲ್ಲರದು, ಬೆಳಕು ಮೊದಲು ಕುಂಡ ಇಟ್ಟವರದು. ಇಟ್ಟವಳು ಗುನ್ವೋರಜ್ಜಿ. ಹಡಗಿನಲ್ಲಿ ಅಡುಗೆಯವಳಾಗಿದ್ದಾಗ, ಕೊನೆಯ ಪ್ರಯಾಣದಲ್ಲಿ ಹಿಂಡಿದ ನಿಂಬೆಯ ಬೀಜದಿಂದ ಬೆಳೆಸಿದ ಗಿಡ ಅದು. ದಿನವಿಡೀ ಅದರ ಜೊತೆ ಮಾತು; ಗಂಡ ಬದುಕಿದ್ದಾಗ ಅವನನ್ನೂ ಅಷ್ಟು ಮಾತಾಡಿಸಿರಲಿಲ್ಲ.

ಅಜ್ಜಿಯ ಎದುರು ಮನೆಯ ಆಸ್ಲಾಕ್ ಫೋಟೊ ಸ್ಟುಡಿಯೊ ಮುಚ್ಚಿ ಕೂತವನು. ತನ್ನ ಜೆರೇನಿಯಂ ಹೂಗಿಡಕ್ಕಾಗಿ ಆ ಜಾಗದ ಮೇಲೆ ಕಣ್ಣು ಹಾಕಿದ್ದ. ಒಂದು ದಿನ ಬೆಳಕು ಅಳೆಯುವ ಹಳೇ ಅಮೆರಿಕನ್ ಮೀಟರ್ ಹಿಡಿದು ಬಂದ.

“ಅಯ್ಯೋ ಗುನ್ವೋರ್, ಬರೀ ಇನ್ನೂರು! ನಿಂಬೆ ಜೀವ ಹಿಡಿಯೋಕೇ ಎರಡು ಸಾವಿರ ಬೇಕು ಅಂತ ನಿನ್ನ ಗಿಡದ ಪುಸ್ತಕದಲ್ಲೇ ಇದೆಯಲ್ಲೇ. ಇಲ್ಲಿ ಉಪವಾಸ ಸಾಯ್ತದೆ. ಒಳಗಡೆ ಒಯ್ಯಿ.”

ಅಜ್ಜಿ ಗಾಬರಿಯಾಗಿ ಗಿಡವನ್ನು ಅಡುಗೆಮನೆಗೆ ಒಯ್ದಳು. ಹಿಂದೆಯೇ ಜೆರೇನಿಯಂ ಗದ್ದುಗೆ ಏರಿತು. ನಿಂಬೆಯ ಎಲೆಗಳು ಉದುರತೊಡಗಿದವು. ಮೇಲಿನ ಮನೆಯಿಂದ ನಾನೇ ಇಳಿದು ಬಂದು ಅವನ್ನು ಗುಡಿಸಿಕೊಟ್ಟೆ.

ಕೊನೆಗೆ ಅಜ್ಜಿ ಮೀಟರನ್ನು ಕೇಳಿ ತಂದು, ಕನ್ನಡಕ ಏರಿಸಿ ಅದರ ಮುಖ ಓದಿದಳು. ಅದರ ಲೆಕ್ಕ ಪುಸ್ತಕದಲ್ಲಿರುವ ನಮ್ಮ ಅಳತೆ ಲಕ್ಸ್ ಅಲ್ಲ, ಅಮೆರಿಕದವರ ಅಳತೆ ಫುಟ್‌ಕ್ಯಾಂಡಲ್! ಅವರ ಒಂದು ನಮ್ಮ ಹತ್ತಕ್ಕಿಂತ ಚೂರು ಹೆಚ್ಚು. ಅವರ ಇನ್ನೂರು ನಮ್ಮ ಎರಡು ಸಾವಿರ ದಾಟುತ್ತದೆ.

“ಅಮೆರಿಕದವರ ಫ್ಯಾರನ್‌ಹೀಟ್ ಡಿಗ್ರಿನ ನಮ್ಮ ಸೆಲ್ಸಿಯಸ್ ಅಂದ್ಕೊಂಡು ಹಡಗಲ್ಲಿ ಒಂದ್ಸಲ ಕೇಕು ಕರಕಲು ಮಾಡಿದ್ದೆ. ಆದ್ರೂ ಬುದ್ಧಿ ಬರಲಿಲ್ಲ ನೋಡು,” ಎಂದು ಹಲ್ಲು ಕಡಿದಳು.

ಕೂಗಾಡಲಿಲ್ಲ. ಮೀಟರ್ ವಾಪಸು ಕೊಡುವ ನೆಪದಲ್ಲಿ ನನ್ನನ್ನೂ ಕರೆದುಕೊಂಡು ಆಸ್ಲಾಕನ ಮನೆಗೆ ನಡೆದಳು. ಅವನ ಮಗಳು ಗಿಡಕ್ಕೆಂದು ಕೊಡಿಸಿದ ನೇರಳೆ ದೀಪ ಅಲ್ಲಿ ಸುಮ್ಮನೆ ನೇತಾಡುತ್ತಿತ್ತು. ಅಜ್ಜಿ ಅದನ್ನು ಹಚ್ಚಿ, ಕೆಳಗೆ ಮೀಟರ್ ಹಿಡಿದಳು. ಮುಳ್ಳು ಮೂವತ್ತಕ್ಕೇ ಮಲಗಿತು.

“ಪಾಪ ಕಣೋ, ನಿನ್ನ ದೀಪದಲ್ಲಿ ಜೀವವೇ ಇಲ್ಲ.”

“ನಂಗೆ ಮೊದಲೇ ಅನುಮಾನ ಇತ್ತು. ಮೀಟರ್ ಸುಳ್ಳು ಹೇಳಲ್ಲ. ಹೋಗ್ತಾ ಅದನ್ನ ಕಸಕ್ಕೆ ಹಾಕಿಬಿಡು.”

ದೀಪ ಕಸಕ್ಕೆ ಹೋಗಲಿಲ್ಲ.

ಸೂರ್ಯ ಮರಳಿದ ದಿನ ವಾಡಿಕೆಯಂತೆ ಎಲ್ಲರೂ ಮೆಟ್ಟಿಲ ಮೇಲೆ, ಅವನ ಸ್ವಾಗತಕ್ಕೆಂದೇ ಮಾಡುವ ಸಿಹಿ ‘ಸೂರ್ಯನ ಬನ್ನು’ ತಿನ್ನುತ್ತಿದ್ದೆವು. ಅಜ್ಜಿಯ ಬಾಗಿಲಿನಿಂದ ಘಮ್ಮೆಂದಿತು. ನೇರಳೆ ದೀಪದಡಿ ನಿಂಬೆ ಚಿಗುರಿ, ಮೊದಲ ಹೂ ಬಿಟ್ಟಿತ್ತು.

“ಮೂವತ್ತೇ ಇತ್ತಲ್ಲೇ ಅದು!” ಆಸ್ಲಾಕ್ ಬಾಯಿ ಬಿಟ್ಟ.

“ಮೀಟರ್ ಅಳೆಯೋದು ನಮ್ಮ ಕಣ್ಣಿಗೆ ಕಾಣೋದನ್ನ. ಗಿಡ ತಿನ್ನೋದು ಕೆಂಪು, ನೀಲಿ. ಅವು ನಮ್ಮ ಕಣ್ಣಿಗೆ ಮಂಕು. ಗಿಡಕ್ಕೇನು ಕಣ್ಣಿದೆಯೇನೋ? ಇರೋದು ಹೊಟ್ಟೆ.”

“ಗೊತ್ತಿದ್ದೂ ಹೇಳಲಿಲ್ಲವಾ?”

“ನನ್ನ ಪುಸ್ತಕ ಓದಿದೋನು ನೀನೇ ಅಲ್ವಾ? ಇನ್ನೊಂದು ಪುಟ ತಿರುಗಿಸಬೇಕಿತ್ತು,” ಎಂದ ಅಜ್ಜಿ ಅವನ ಕೈಗೆ ಇನ್ನೊಂದು ಬನ್ನು ಇಟ್ಟಳು. “ತಿನ್ನು. ಮೆಟ್ಟಿಲ ದೀಪದ ಕೆಳಗಿನ ಜಾಗ ನಿಂಗೇ ಇರಲಿ.”