ಚೀಟಿ ಕುಲುಕುವ ಗುಮಾಸ್ತ

ಎಪ್ಪತ್ತರ ದಶಕದ ಕೊನೆಗೆ ನಾನು ಹೊಸದುರ್ಗದಲ್ಲಿ ಕೈಪಂಪು ರಿಪೇರಿ ಆಫೀಸಿನ ಗುಮಾಸ್ತ. ಹೆಂಡತಿಗೆ ಚಿತ್ರದುರ್ಗದ ಶಾಲೆಯಲ್ಲಿ ಕೆಲಸ. ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಬರುತ್ತಿದ್ದೆ. ಮಿಕ್ಕ ಸಂಜೆಗಳಲ್ಲಿ ಬಾಡಿಗೆ ಕೋಣೆಯ ಗೋಡೆ ಬಿಟ್ಟರೆ ಮಾತಿಗೆ ಯಾರೂ ಇಲ್ಲ. ಅದಕ್ಕೇ ಎಲ್ಲರೂ ಹೋದ ಮೇಲೂ ಆಫೀಸಿನಲ್ಲೇ ಕೂತಿರುತ್ತಿದ್ದೆ.

ಅಲ್ಲಿ ದಿನಾ ಒಂದು ಪೀಕಲಾಟ. ಹಳ್ಳಿಗಳಿಂದ ದೂರು ರಾಶಿ, ಜೀಪು ಒಂದೇ. ಅದು ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಓಡುತ್ತಿತ್ತು; ವಾಷರ್ ಬೇಕಾದ ಊರಿಗೆ ಚೈನು ಹೊತ್ತುಕೊಂಡು ಹೋಗುತ್ತಿದ್ದರು. ನಾನು ಹಳೆಯ ಮದುವೆ ಕರೆಯೋಲೆಗಳನ್ನು ಒಂದಳತೆಗೆ ಕತ್ತರಿಸಿ, ದೂರಿಗೊಂದು ಚೀಟಿ ಮಾಡಿದೆ. ಪ್ರತಿ ಚೀಟಿಯ ಅಂಚಿನಲ್ಲೂ ಸಾಲಾಗಿ ಅವೇ ತೂತುಗಳು: ವಾಷರ್‌ಗೊಂದು, ಚೈನಿಗೊಂದು, ಹಿರಿಯೂರು ರಸ್ತೆಗೊಂದು, ಹೀಗೆ. ಆ ದೂರಿಗೆ ಸಲ್ಲುವ ತೂತನ್ನು ಮಾತ್ರ ಅಂಚಿನವರೆಗೆ ಸೀಳುವುದು. ಚೀಟಿಗಳನ್ನು ಕಂತೆ ಮಾಡಿ, ಬೇಕಾದ ತೂತಿನಲ್ಲಿ ಚೀಲ ಹೊಲಿಯುವ ದಬ್ಬಳ ತೂರಿಸಿ ಎತ್ತಿ ಕುಲುಕಿದರೆ, ಆ ತೂತು ಸೀಳಿದವಷ್ಟೇ ಮೇಜಿನ ಮೇಲೆ ಉದುರುತ್ತಿದ್ದವು. ಮೊದಲ ಸಲ ಸರಿಯಾಗಿ ಉದುರಿದಾಗ ಯಾರನ್ನಾದರೂ ಕರೆದು ತೋರಿಸಬೇಕೆನಿಸಿತು. ಆಫೀಸಿನಲ್ಲಿ ಯಾರೂ ಇರಲಿಲ್ಲ.

ಕೆಲಸ ಹಗುರಾದರೆ ಚಿತ್ರದುರ್ಗಕ್ಕೆ ವರ್ಗ ಸಿಗುತ್ತದೆಂದು ನನ್ನ ಆಸೆ. ಒಂದು ರಸ್ತೆಯ ದೂರುಗಳೆಲ್ಲ ಒಟ್ಟಿಗೆ ಸಿಕ್ಕು ಜೀಪು ನೆಟ್ಟಗೆ ಓಡತೊಡಗಿದ ಮೇಲೆ ವರ್ಗಕ್ಕೆ ಅರ್ಜಿ ಕೊಟ್ಟೆ. ಸಾಹೇಬರು ನಕ್ಕರು.

“ನೀವು ಹೋದ್ರೆ ಈ ಚೀಟಿ ಯಾರು ಕುಲುಕ್ತಾರ್ರಿ? ಇಲ್ಲೇ ಇರ್ರಿ.”

ಪಕ್ಕದ ಮೇಜಿನ ಗುಮಾಸ್ತನಿಗೆ ಕಲಿಸಲು ಕೂತೆ. ಯಾವ ತೂತು ಯಾವುದಕ್ಕೆ ಎಂದು ಬರೆದು ಗೋಡೆಗೂ ಅಂಟಿಸಿದೆ. ಪುಣ್ಯಾತ್ಮ ದಬ್ಬಳ ಮುಟ್ಟಲೇ ಇಲ್ಲ. “ಬ್ಯಾಡ್ರಿ, ಇದನ್ನ ಕಲ್ತ್ರೆ ನಾನೂ ಇಲ್ಲೇ ಕೊಳೀಬೇಕಾಗ್ತೈತೆ” ಅಂದ. ಜಾಣ. ಆ ವರ್ಷ ಚಿತ್ರದುರ್ಗಕ್ಕೆ ವರ್ಗವಾಗಿ ಹೋದವನೂ ಅವನೇ. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡೆ. ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು.

ಅವನಿಗೆ ವರ್ಗವಾದ ವಾರದ ಭಾನುವಾರ, ಮನೆಯಲ್ಲಿ ಇದನ್ನು ಹೇಗೆ ಹೇಳುವುದೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋದೆ. ಪ್ರತಿ ವಾರ ಬಾಗಿಲಲ್ಲೇ “ವರ್ಗದ್ದು ಏನಾತ್ರಿ?” ಎನ್ನುತ್ತಿದ್ದ ಹೆಂಡತಿ ಆವತ್ತು ಕೇಳಲೇ ಇಲ್ಲ. ಕಾಫಿ ಕೊಟ್ಟಳು, ಶಾಲೆಯ ಸುದ್ದಿ ಹೇಳಿದಳು. ನಾನು ಹೊರಟಾಗ ಒಳಗಿನಿಂದ ಹೊಸ ಸೀಮೆಎಣ್ಣೆ ಸ್ಟೌ ತಂದು ಮುಂದಿಟ್ಟಳು.

“ಎಷ್ಟು ವರ್ಷ ಅಂತ ಹೋಟ್ಲಲ್ಲಿ ತಿಂತೀರಿ? ರೂಮಲ್ಲೇ ಅನ್ನ ಮಾಡ್ಕಳ್ರಿ.”

ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಹೊಳಲ್ಕೆರೆ ದಾಟುವವರೆಗೂ ಅಳು ನಿಲ್ಲಲಿಲ್ಲ.